ಇಸ್ಮತ್ ನಿಲ್ಲಿಸದ ಹರಾಜು

ರಾಮನಗರದ ಬೀದಿಯಲ್ಲಿ ನಿಂತು ಬರೀ ಇಸ್ಮತ್ ಎಂದು ಕೇಳಿದರೆ ಮನೆಗೊಬ್ಬ ಇಸ್ಮತ್‌ಳನ್ನು ತೋರಿಸಿಯಾರು. ರೇಷ್ಮೆಗೂಡಿನ ಮಾರುಕಟ್ಟೆಯ ಗಾಜಿನ ರೂಮಿನ ಇಸ್ಮತ್ ಎನ್ನಬೇಕು. ಆಗ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ರಸ್ತೆಗೇ ಬಂದು ದಾರಿ ಹೇಳುತ್ತಾನೆ. ಅವಳೇನು ಮಾಡಿದಳು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ. ಇಸ್ಮತ್ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಬಾರದಂಥ ಕೆಲಸ. ಕಣ್ಣಿಗೆ ಬಿದ್ದಿದ್ದರೆ ಕೆಟ್ಟಿತು ಎಂದೇ ಲೆಕ್ಕ. ಅದಕ್ಕೇ ನಾನು ಕೂತು ಹೇಳಬೇಕಾಗಿ ಬಂದಿದೆ.

ಅವಳ ಅಪ್ಪ ಫಕ್ರುದ್ದೀನ್ ರೀಲರ್. ಗೂಡು ಕೊಂಡು, ಬೇಯಿಸಿ, ನೂಲು ತೆಗೆದು ಮಾರುವ ಕಸುಬು. ಮನೆಯ ಹಿಂದಿನ ಶೀಟಿನ ಕೆಳಗೆ ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಅವುಗಳ ಮೇಲೆ ತಿರುಗುವ ಚಕ್ರಗಳು. ಆ ವಾಸನೆ ಹೊಸಬರಿಗೆ ಹೊಟ್ಟೆ ತೊಳಸುವಂಥದ್ದು, ಆ ಬೀದಿಯವರಿಗೆ ಅದು ಇದ್ದರೇ ಊರು. ತಾಯಿ ಗುಲ್ಜಾರ್ ಬೀ ತೊಟ್ಟಿಯ ಮುಂದೆ ಕೂತರೆ ಕೈ ಮಾತ್ರ ಕೆಲಸ ಮಾಡುತ್ತಿತ್ತು, ಬಾಯಿ ಬೀದಿಯ ಸುದ್ದಿಯನ್ನೆಲ್ಲ ವಿಚಾರಿಸುತ್ತಿತ್ತು. ಹಲವು ಗೂಡುಗಳ ಎಳೆ ಸೇರಿದರೆ ಒಂದು ನೂಲು. ನಡುವೆ ಒಂದು ಗೂಡು ಮುಗಿಯುತ್ತ ಬಂದರೆ ನೂಲು ತೆಳುವಾಗುತ್ತದೆ. ಅದು ತೆಳುವಾಗುವ ಮೊದಲೇ ಇನ್ನೊಂದು ಗೂಡಿನ ಎಳೆಯನ್ನು ಬೆರಳಲ್ಲಿ ಹಿಡಿದು, ಓಡುವ ನೂಲಿಗೆ ತಾಗಿಸಿಬಿಡಬೇಕು. ಚಕ್ರ ನಿಲ್ಲಬಾರದು. ಚಿಕ್ಕಂದಿನಲ್ಲಿ ಒಂದು ಬೇಸಿಗೆ ರಜೆಯಲ್ಲಿ ಇಸ್ಮತ್ ಇದನ್ನು ಕಲಿಯಲು ಹೋಗಿ ಬೆರಳು ಸುಟ್ಟುಕೊಂಡು, ಚಕ್ರ ಹಿಡಿದು ನಿಲ್ಲಿಸಿ, ಎಳೆ ಗಂಟು ಹಾಕಿ, ಬೈಸಿಕೊಂಡಿದ್ದಳು.

"ನಿಲ್ಸಿ ಸೇರ್ಸೋಕೆ ನೀನ್ಯಾಕೆ ಬೇಕು? ದಾರೀಲಿ ಹೋಗೋರ್ನ ಕರ್ದ್ರೂ ಮಾಡ್ತಾರೆ," ಎಂದಿದ್ದಳು ಗುಲ್ಜಾರ್ ಬೀ. ಬೈಗುಳವೇನೂ ದೊಡ್ಡದಲ್ಲ. ಆದರೆ ಹುಡುಗಿಗೆ ರೋಷ ಬಂತು. ರಜೆ ಮುಗಿಯುವಷ್ಟರಲ್ಲಿ ಅವಳು ಚಕ್ರ ನಿಲ್ಲಿಸದೆ ಎಳೆ ಸೇರಿಸುತ್ತಿದ್ದಳು.

ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಈ ಸಹಕಾರಿ ಮಾರುಕಟ್ಟೆಯಲ್ಲಿ. ಗೂಡು ಬೆಳೆಯುವ ರೈತರೂ ಕೊಳ್ಳುವ ರೀಲರ್‌ಗಳೂ ಸೇರಿ ಕಟ್ಟಿಕೊಂಡ ಚಿಕ್ಕ ಮಾರುಕಟ್ಟೆ ಅದು. ಒಳಗೆ ಉದ್ದನೆಯ ಹಜಾರ, ಸಾಲು ಸಾಲು ಟ್ರೇಗಳಲ್ಲಿ ಹಳದಿ, ಬಿಳಿ ಗೂಡು. ರೀಲರ್‌ಗಳು ಗೂಡನ್ನು ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮೂಗು ಮುರಿದು, ಕೊನೆಗೆ ತಮ್ಮ ಫೋನಿನಲ್ಲಿ ಬಿಡ್ ಒತ್ತುತ್ತಾರೆ. ಗಂಟೆ ಬಾರಿಸಿದಾಗ ಯಾರದು ಹೆಚ್ಚೋ ಅವರಿಗೆ ಗೂಡು. ಮಹಡಿಯ ಮೇಲೆ ಗಾಜಿನ ರೂಮು. ಅಲ್ಲಿ ಎರಡು ಸರ್ವರ್‌ಗಳು ಹಗಲೂ ರಾತ್ರಿ ಗುಂಯ್‌ಗುಟ್ಟುತ್ತವೆ. ಅವುಗಳನ್ನು ನೋಡಿಕೊಳ್ಳುವವಳು ಇಸ್ಮತ್.

ರೀಲರ್‌ನ ಮಗಳು ಹರಾಜಿನ ಯಂತ್ರ ನೋಡಿಕೊಳ್ಳುವುದೆಂದರೆ ರೈತರಿಗೆ ಸಮಾಧಾನ ಎಲ್ಲಿಂದ ಬರಬೇಕು? ಬೆಲೆ ಒಸಿ ಇಳಿದರೂ ಮಹಡಿಯ ಕಡೆ ನೋಡುತ್ತಿದ್ದರು. ಇದು ಗೊತ್ತಿದ್ದ ಫಕ್ರುದ್ದೀನ್ ಅವಳು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದ: "ಗೇಟಿನ ಒಳಗೆ ನಾನು ನಿನ್ನ ಅಬ್ಬಾ ಅಲ್ಲ. ಮಾತೂ ಬೇಡ, ಸಲಾಮೂ ಬೇಡ." ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಬಂದ ಅಪ್ಪ ಮಗಳು ಗೇಟು ದಾಟಿದೊಡನೆ ಪರಿಚಯವಿಲ್ಲದವರಂತೆ ಬೇರೆಯಾಗುತ್ತಿದ್ದರು. ತೀರ ಎದುರಾದರೆ ಅವನು "ನಮಸ್ಕಾರ ಮೇಡಂ" ಎನ್ನುತ್ತಿದ್ದ. ಮನೆಗೆ ಬಂದು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಅವಳು ಸೇರಿದ ಹೊಸತರಲ್ಲೇ ಒಂದು ಅನಾಹುತ ಆಯಿತು. ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ, ಅಂದರೆ ಯಂತ್ರದ ಉಳಿದೆಲ್ಲ ಕೆಲಸಕ್ಕೂ ತಳಪಾಯವಾಗಿರುವ ಸಾಫ್ಟ್‌ವೇರ್, ಹಳೆಯದಾಗಿತ್ತು. ಗುತ್ತಿಗೆ ಹಿಡಿದವರು ಬಂದು, ಭಾನುವಾರ ಯಾರೂ ಇಲ್ಲದ ಹೊತ್ತಿನಲ್ಲಿ ಎರಡು ಯಂತ್ರಗಳನ್ನೂ ಒಟ್ಟಿಗೇ ಬಿಚ್ಚಿ ಹೊಸದು ಹಾಕಿದರು. ಖಾಲಿ ಹಜಾರದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಸೋಮವಾರ ಗಂಟೆ ಬಾರಿಸುವ ಮುಂಚೆ ಎಲ್ಲರೂ ಒಟ್ಟಿಗೆ ಬಿಡ್ ಒತ್ತಿದಾಗ ಎರಡೂ ಮಲಗಿಬಿಟ್ಟವು. ಹಳೆಯದಕ್ಕೆ ಹೋಗೋಣವೆಂದರೆ ಹಳೆಯದು ಉಳಿದಿರಲೇ ಇಲ್ಲ.

ಗೂಡು ಎಂದರೆ ಕಲ್ಲು ಮಣ್ಣಲ್ಲ. ಒಳಗೆ ಜೀವ ಇದೆ, ಅದು ಯಾರ ಸರ್ವರಿಗೂ ಕಾಯುವುದಿಲ್ಲ. ಹರಾಜು ಮತ್ತೆ ಶುರುವಾಗುವಷ್ಟರಲ್ಲಿ ದೊಡ್ಡಆಲಹಳ್ಳಿಯ ವೆಂಕಟಲಕ್ಷ್ಮಮ್ಮನ ಟ್ರೇಗಳಲ್ಲಿ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬಂದಿತ್ತು. ಮೊದಲೇ ಒಸಿ ತಡವಾಗಿ ಬಿಡಿಸಿದ್ದ ಗೂಡು. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಆಯಮ್ಮ ಸೆರಗಿನ ಮೇಲೆ ಕೂತ ಚಿಟ್ಟೆಗಳನ್ನು ಒಂದೊಂದಾಗಿ ಕೊಡವುತ್ತ ನಿಂತಿದ್ದಳು. ಇಸ್ಮತ್ ಗಾಜಿನ ಹಿಂದಿನಿಂದ ಅದನ್ನು ನೋಡಿದಳು. ಅವಳ ಕೈಯಲ್ಲಿ ಆಗ ಏನೂ ಇರಲಿಲ್ಲ, ಬರೀ ಸಹಾಯಕಿ. ಆದರೂ ಅವತ್ತು ಊಟ ಸೇರಲಿಲ್ಲ.

ಆ ಮೇಲೆ ವೆಂಕಟಲಕ್ಷ್ಮಮ್ಮ ಸುಮ್ಮನಿರಲಿಲ್ಲ. ಚುನಾವಣೆಗೆ ನಿಂತು ಗೆದ್ದು ಮಾರುಕಟ್ಟೆಯ ಆಡಳಿತ ಮಂಡಳಿಗೇ ಬಂದಳು.

ಕೆಲವು ವರ್ಷ ಕಳೆದವು. ಎರಡು ಸಾವಿರದ ಇಪ್ಪತ್ತಮೂರರ ಹೊತ್ತಿಗೆ ಆ ಸಿಸ್ಟಮ್ಮೂ ಹಳೆಯದಾಯಿತು. ರೈತರ ಖಾತೆಗೆ ಹಣ ಹಾಕುವ ಬ್ಯಾಂಕಿನವರು, ಹೀಗೇ ಇದ್ದರೆ ಮುಂದೆ ನಮ್ಮ ಕಡೆಯಿಂದ ಜೋಡಣೆ ಕೊಡುವುದಿಲ್ಲ ಎಂದರು. ಅಷ್ಟು ಹೊತ್ತಿಗೆ ಗಾಜಿನ ರೂಮಿನ ಪೂರ್ತಿ ಜವಾಬ್ದಾರಿ ಇಸ್ಮತ್‌ಳದೇ ಆಗಿತ್ತು. ಮಂಡಳಿಯ ಸಭೆ ಸೇರಿತು. ಅಧ್ಯಕ್ಷ ಕೈಲಾಂಚದ ಚೆಲುವಯ್ಯ ಒಳ್ಳೆಯ ಮನುಷ್ಯ, ಆದರೆ ಯಾವ ಮಾತು ಬಂದರೂ ಮೊದಲು ಹೆದರಿ ಆಮೇಲೆ ಯೋಚನೆ ಮಾಡುವ ಜಾತಿ.

"ಒಂದ್ ವಾರ ಮಾರ್ಕೆಟ್ಟೇ ಮುಚ್ಬುಡನ. ಎಲ್ಲಾರ್ಗೂ ಹೇಳ್ಬುಟ್ಟು ಮುಚ್ಬುಡನ," ಎಂದ ಚೆಲುವಯ್ಯ.

"ಹುಳಕ್ಕೂ ಹೇಳ್ತೀಯೇನಪ್ಪ, ಒಂದ್ ವಾರ ಗೂಡು ಕಟ್ಬೇಡಿ ಅಂತ?" ಎಂದಳು ವೆಂಕಟಲಕ್ಷ್ಮಮ್ಮ.

ಎಲ್ಲರೂ ನಕ್ಕರು. ನಗು ಇಳಿಯುವವರೆಗೆ ಕಾದು ಇಸ್ಮತ್ ಎದ್ದು ನಿಂತಳು. ಮುಚ್ಚುವುದು ಬೇಡ, ಹರಾಜಿನ ಒಂದು ಸುತ್ತೂ ನಿಲ್ಲದಂತೆ ನಾನು ಮಾಡುತ್ತೇನೆ ಎಂದಳು. ಎರಡು ಸರ್ವರ್ ಇವೆಯಲ್ಲ, ಒಂದು ಕೆಲಸ ಮಾಡುತ್ತಿರಲಿ, ಇನ್ನೊಂದನ್ನು ಬದಲಾಯಿಸುತ್ತೇನೆ. ಅದು ಗಟ್ಟಿ ಎಂದು ಕಣ್ಣಾರೆ ಕಂಡ ಮೇಲೆ ಮೊದಲನೆಯದನ್ನು ಮುಟ್ಟುತ್ತೇನೆ ಎಂದು ವಿವರಿಸಿದಳು.

"ನಿಂತ್ರೆ?" ವೆಂಕಟಲಕ್ಷ್ಮಮ್ಮ ಕೇಳಿದಳು.

"ನಿಂತ್ರೆ ನಾನು ಕೆಲ್ಸ ಬಿಟ್ಟು ಮನೇಗ್ ಹೋಗ್ತೀನಿ ಅವ್ವ."

"ನೀನು ಮನೇಗ್ ಹೋದ್ರೆ ನನ್ ಗೂಡು ವಾಪಸ್ ಬತ್ತದಾ? ಮಷೀನು ಕೆಟ್ರೆ ಬೆಲೆ ಬೀಳ್ತದೆ. ಬೆಲೆ ಬಿದ್ರೆ ಯಾರ್ಗೆ ಲಾಭ? ನಿಮ್ಮಪ್ಪಂಗೆ. ಮುಖದ್ ಮೇಲೆ ಹೇಳ್ತಾ ಇವ್ನಿ, ಬೇಜಾರ್ ಮಾಡ್ಕಬ್ಯಾಡ. ನೀನು ರೀಲರ್ ಮಗ್ಳು ಕಣವ್ವ."

ಇಸ್ಮತ್‌ಗೆ ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಈ ಮಾತು ನಿಜವೆಂದಾಗಿಬಿಟ್ಟರೆ ಅಪ್ಪ ಮಗಳು ಆ ಹಜಾರದಲ್ಲಿ ಮತ್ತೆ ತಲೆ ಎತ್ತುವಂತಿರಲಿಲ್ಲ. "ಬೇಜಾರಿಲ್ಲ ಅವ್ವ. ನೋಡ್ಕಂಡು ಹೇಳಿ," ಎಂದಷ್ಟೇ ಹೇಳಿ ಕೂತಳು. ಕೊನೆಗೆ, ಅವಳೇ ಮಾಡಲಿ, ಯಾವ ದಿನ ಎಂದು ಸಾರುವುದು ಮಾತ್ರ ಬೇಡ, ಸಾರಿದರೆ ಅವತ್ತು ಯಾರೂ ಗೂಡು ತರುವುದಿಲ್ಲ ಎಂದು ತೀರ್ಮಾನವಾಯಿತು.

ಮಾರನೆಯ ದಿನ ಚೆಲುವಯ್ಯ ಮೆಟ್ಟಿಲು ಹತ್ತಿ ಬಂದ. ಯಾರೂ ಇಲ್ಲದ ಭಾನುವಾರ ಮಾಡುತ್ತೀಯಾ ಎಂದು ಕೇಳಿದ. ಇಲ್ಲ, ಹಾಕುವುದು ಭಾನುವಾರ, ಆದರೆ ಕೆಲಸಕ್ಕೆ ಹಚ್ಚುವುದು ಹರಾಜಿನ ನಡುವೆ, ಹಜಾರ ತುಂಬಿರುವಾಗ ಎಂದಳು.

"ಅಯ್ಯೋ ನನ್ ತಾಯಿ! ಜನ ತುಂಬಿರೋವಾಗ್ಲಾ?"

"ಖಾಲಿ ಹಜಾರದಲ್ಲಿ ಹೋದ್ಸಲಾನೂ ಚೆನ್ನಾಗೇ ನಡೀತಲ್ಲ ಅಣ್ಣ. ಕೆಟ್ಟಿದ್ದು ಜನ ಬಂದ್ಮೇಲೆ. ಕೆಡೋದಾದ್ರೆ ನಾನು ಕೂತು ನೋಡ್ತಿರೋವಾಗ್ಲೇ ಕೆಡ್ಲಿ, ಪಕ್ಕದಲ್ಲಿ ಹಳೇದು ನಡೀತಾ ಇರೋವಾಗ್ಲೇ ಕೆಡ್ಲಿ."

ಇನ್ನೊಂದು ಕಾರಣವನ್ನು ಕಂಪ್ಯೂಟರ್ ಓದಿದವರು ಹೇಳಿಕೊಡಲಾರರು, ರೀಲರ್ ಮನೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಸುತ್ತು ಶುರುವಾದ ಮೇಲೆ ಎಷ್ಟೋ ಹೊತ್ತು ಒಬ್ಬ ರೀಲರೂ ಬಿಡ್ ಒತ್ತುವುದಿಲ್ಲ. ಮೊದಲೇ ಒತ್ತಿದರೆ ತನ್ನ ಮನಸ್ಸಿನ ಬೆಲೆ ಪಕ್ಕದವನಿಗೆ ತಿಳಿದುಹೋಗುತ್ತದಲ್ಲ! ಹಿಸುಕುತ್ತಾರೆ, ಓಡಾಡುತ್ತಾರೆ, ಕಾಲು ಲೋಟ ಟೀ ಕುಡಿಯುತ್ತಾರೆ, ಇದೂ ಒಂದು ಗೂಡೇ ಎಂಬಂತೆ ಮುಖ ಮಾಡುತ್ತಾರೆ. ಗಂಟೆಗೆ ಇನ್ನೇನು ಕೈ ಹಾಕಬೇಕು ಎನ್ನುವಾಗ ಎಲ್ಲರ ಹೆಬ್ಬೆರಳೂ ಒಟ್ಟಿಗೆ ಓಡುತ್ತದೆ. ಹಾಗಾಗಿ ಸುತ್ತಿನ ಮೊದಲರ್ಧ ಇಸ್ಮತ್‌ಗೆ ಸಿಕ್ಕ ಬಿಡುವು. ಅಷ್ಟರಲ್ಲಿ ಹೊಸದನ್ನು ಸೇರಿಸಿ, ಸರಿಯಿಲ್ಲವೆಂದರೆ ಹಿಂದಕ್ಕೂ ತೆಗೆದುಕೊಳ್ಳಬಹುದು. ಫೋನುಗಳನ್ನು ಈ ಸರ್ವರಿಗೋ ಆ ಸರ್ವರಿಗೋ ಕಳಿಸುವ ಒಂದು ಚಿಕ್ಕ ಏರ್ಪಾಟನ್ನು ಅವಳು ಬಾಗಿಲು ಎಂದು ಕರೆಯುತ್ತಿದ್ದಳು. ಬಂದ ಬಿಡ್ ಯಾವುದಕ್ಕೆ ಹೋದರೂ ಎರಡರಲ್ಲೂ ದಾಖಲಾಗುತ್ತಿತ್ತು.

ಆ ಭಾನುವಾರ ಅವಳು ಎರಡನೆಯ ಸರ್ವರಿಗೆ ಹೊಸ ಸಿಸ್ಟಂ ಹಾಕಿದಳು. ಕಚೇರಿಯವರ ಫೋನುಗಳನ್ನೆಲ್ಲ ಈಸಿಕೊಂಡು ಬಿಡ್ ಒತ್ತಿ ನೋಡಿದಳು. ಎಲ್ಲವೂ ಸರಿ. ಸೋಮವಾರ ಸುತ್ತು ಶುರುವಾಗಿ, ಜನ ಟ್ರೇಗಳ ಮೇಲೆ ಬಾಗಿದಾಗ, ಅವಳು ಬಾಗಿಲನ್ನು ಹೊಸದರ ಕಡೆ ತಿರುಗಿಸಿದಳು. ತೆರೆಯ ಮೇಲೆ ಫೋನುಗಳು ಒಂದೊಂದಾಗಿ ಹೊಸ ಸರ್ವರಿಗೆ ಬಂದು ಸೇರತೊಡಗಿದವು. ಬಂದವು, ಬಂದವು, ಆಮೇಲೆ ನಿಂತುಬಿಟ್ಟವು. ಹಜಾರದಲ್ಲಿ ಇಷ್ಟು ತಲೆಗಳಿವೆ, ತೆರೆಯ ಮೇಲೆ ಅರ್ಧವೂ ಇಲ್ಲ. ಯಂತ್ರ ಎಲ್ಲಿಯೂ ತಪ್ಪು ಎನ್ನುತ್ತಿಲ್ಲ. ಹರಾಜು ನಿಂತಿದ್ದರೆ ಎಲ್ಲರಿಗೂ ಕಾಣುತ್ತಿತ್ತು; ಅರ್ಧ ಜನರ ಬಿಡ್ ಬಾರದೆ ಹರಾಜು ನಡೆದರೆ ಬೆಲೆ ಪಾತಾಳಕ್ಕೆ ಇಳಿಯುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ವೆಂಕಟಲಕ್ಷ್ಮಮ್ಮ ಹೇಳಿದ್ದು ಅಕ್ಷರಶಃ ಅದನ್ನೇ.

ಅವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹಜಾರಕ್ಕೆ ಬಂದಳು. ಕಂಬದ ಹತ್ತಿರ ಫಕ್ರುದ್ದೀನ್ ತನ್ನ ಫೋನನ್ನು ಅಂಗೈಗೆ ಬಡಿಯುತ್ತ ನಿಂತಿದ್ದ. ಮನೆಯಲ್ಲಿ ಅವನಿಗೆ ಮಗಳೇ ಕೊಡಿಸಿದ ಒಳ್ಳೆಯ ಫೋನಿದೆ. ಅದನ್ನು ಅವನು ಮಾರುಕಟ್ಟೆಗೆ ತರುವುದಿಲ್ಲ. ಯಾವ ರೀಲರೂ ತರುವುದಿಲ್ಲ. ತೊಟ್ಟಿಯ ನೀರಿನ ಕೈ, ಗೂಡಿನ ಧೂಳು, ನೂಕುನುಗ್ಗಲು. ಅದಕ್ಕೆಂದೇ ಮಕ್ಕಳು ಬಿಟ್ಟ ಹಳೆಯ ಫೋನೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿರುತ್ತಾರೆ. ಮಾರ್ಕೆಟ್ ಫೋನು ಎಂದೇ ಅದರ ಹೆಸರು. ಇಸ್ಮತ್ ಪರೀಕ್ಷೆ ಮಾಡಿದ್ದು ಕಚೇರಿಯವರ ಹೊಸ ಫೋನುಗಳಲ್ಲಿ. ದಿನಾ ಸ್ಕೂಟರಿನ ಹಿಂದೆ ಕೂತು ಅಪ್ಪನ ಜೇಬಿನ ಆ ಗಂಟನ್ನು ನೋಡುತ್ತಿದ್ದವಳಿಗೆ ಅದು ಹೊಳೆದೇ ಇರಲಿಲ್ಲ!

ಗೇಟಿನ ಒಳಗೆ ಅವರಿಬ್ಬರೂ ಮಾತಾಡಿದವರಲ್ಲ. ಸುತ್ತ ರೈತರು ನಿಂತಿದ್ದಾರೆ. ಇಸ್ಮತ್ ಆದರೂ ಕೈ ಚಾಚಿದಳು.

"ಅಬ್ಬಾ, ಫೋನ್ ಕೊಡಿ."

ಫಕ್ರುದ್ದೀನ್ ಸುತ್ತ ನೋಡಿದ. "ಮೇಡಂ, ಜನ ನೋಡ್ತಾವ್ರೆ," ಎಂದ ಮೆಲ್ಲಗೆ.

"ನೋಡ್ಲಿ. ಕೊಡಿ."

ಕವರು ಬಿಚ್ಚಿ ನೋಡಿದರೆ ತೆರೆಯ ಮೇಲೆ ಒಂದೇ ಸಾಲು: ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ. ಅಷ್ಟು ಸಾಕಾಯಿತು. ಮಾಹಿತಿ ಯಾರೂ ಕದಿಯದಂತೆ ಫೋನುಗಳು ಹಾಕುವ ಹಳೆಯ ಕಾಲದ ಬೀಗವನ್ನು ಹೊಸ ಸಿಸ್ಟಂ ಒಪ್ಪುತ್ತಿಲ್ಲ, ಈ ಫೋನುಗಳಿಗೆ ಹೊಸ ಬೀಗ ಗೊತ್ತಿಲ್ಲ. ಅವಳು ಫೋನು ಹಿಡಿದುಕೊಂಡೇ ಮೇಲೆ ಓಡಿದಳು. ಹಿಂದೆ ಗುಜುಗುಜು ಎದ್ದಿತು. "ಏನ್ಲಾ ಅದು, ಅಪ್ಪನ್ ಫೋನ್ ತಗಂಡೋಗಿ ಏನ್ ಮಾಡ್ತಾವ್ಳೆ?" "ಅವ್ರವ್ರೇ ಒಂದಾದ್ರಲ್ಲ ಕಣ್ಲಾ!"

ಹಳೆಯ ಸರ್ವರ್ ಅವಳು ಹೇಳಿದಂತೆ ಪಕ್ಕದಲ್ಲೇ ನಡೆಯುತ್ತಿತ್ತು. ಹಳೆಯ ಫೋನು ಬಂದರೆ ಹಳೆಯದಕ್ಕೆ ಬಿಡು, ಹೊಸ ಫೋನು ಹೊಸದಕ್ಕೆ ಹೋಗಲಿ ಎಂದು ಬಾಗಿಲಿಗೆ ಬರೆದಳು. ಅಪ್ಪನ ಫೋನಿನಲ್ಲಿ ಒತ್ತಿ ನೋಡಿದಳು. ಹರಾಜಿನ ಪುಟ ತೆರೆಯಿತು. ತೆರೆಯ ಮೇಲೆ ನಿಂತಿದ್ದ ಸಂಖ್ಯೆ ಮತ್ತೆ ಏರತೊಡಗಿತು. ಗಂಟೆಗೆ ಇನ್ನೂ ಹೊತ್ತಿತ್ತು. ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಕೆಳಗಿನ ಗುಜುಗುಜು ಅವಳ ಕಿವಿಗೆ ಬಿದ್ದಿತ್ತು, ಮತ್ತು ಅವಳು ಹೆದರಿ ಕೂರುವ ಪೈಕಿ ಅಲ್ಲ. ಮೈಕು ಎತ್ತಿಕೊಂಡಳು.

"ಎಲ್ಲಾರೂ ಕೇಳಿ. ಇವತ್ತು ಹೊಸ ಸಿಸ್ಟಂ ಹಾಕಿವ್ನಿ. ಹಳೇ ಫೋನು ಅದಕ್ಕೆ ಸೇರ್ತಿರ್ಲಿಲ್ಲ, ಅದು ನನ್ ತಪ್ಪು, ನೋಡ್ಕಬೇಕಿತ್ತು. ಈಗ ಸೇರ್ತಾವೆ. ನಮ್ಮಬ್ಬಾ ಫೋನು ತಗಂಡಿದ್ದು ಅದನ್ನ ನೋಡೋಕೆ. ಯಾರ್ದೂ ಬಿಡ್ ಕಳ್ದೋಗಿಲ್ಲ. ಅನುಮಾನ ಇದ್ದೋರು ಮೇಲಕ್ ಬನ್ನಿ, ಪಕ್ಕದಲ್ ಕೂತು ನೋಡಿ."

ಚೆಲುವಯ್ಯ ತಲೆಯ ಮೇಲೆ ಕೈ ಇಟ್ಟುಕೊಂಡ. ಬೇರೆ ಯಾರೂ ಕದಲಲಿಲ್ಲ. ವೆಂಕಟಲಕ್ಷ್ಮಮ್ಮ ಒಬ್ಬಳು ಚಪ್ಪಲಿ ಕೆಳಗೆ ಬಿಟ್ಟು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಂದು ಕುರ್ಚಿ ಎಳೆದು ಕೂತಳು. ಗಂಟೆಗೆ ಮುಂಚಿನ ಆ ಕೊನೆಯ ಗಳಿಗೆ ಬಂತು. ಕೆಳಗೆ ಹೆಬ್ಬೆರಳುಗಳು ಓಡಿದವು, ಮೇಲೆ ತೆರೆಯ ತುಂಬ ಆಲಿಕಲ್ಲು ಬಿದ್ದ ಹಾಗೆ ಬಿಡ್‌ಗಳು ಬಿದ್ದವು. ಎಡಕ್ಕೆ ಹಳೆಯ ಸರ್ವರಿನವು, ಬಲಕ್ಕೆ ಹೊಸದರವು. ಬೆಲೆ ಏರಿತು, ಇನ್ನೂ ಏರಿತು. ಗಂಟೆ ಬಾರಿಸಿತು. ಒಂದೂ ಟ್ರೇ ಉಳಿಯಲಿಲ್ಲ. ವೆಂಕಟಲಕ್ಷ್ಮಮ್ಮ ತೆರೆಯನ್ನು ಇನ್ನೊಂದು ಸಲ ನೋಡಿ, ಇಸ್ಮತ್‌ಳ ಮುಖ ನೋಡಿ, "ಹೂಂ" ಎಂದು ಇಳಿದು ಹೋದಳು.

ಆ ಹೂಂ ಎಂದರೇನು ಎಂದು ಇಸ್ಮತ್ ಮನೆಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಚರ್ಚೆ ಮಾಡಿದಳು. ಗುಲ್ಜಾರ್ ಬೀ ಒಳ್ಳೆಯದಕ್ಕೇ ಎಂದಳು. ಫಕ್ರುದ್ದೀನ್ ಇನ್ನೂ ನೋಡಬೇಕು ಎಂದ.

ಉಳಿದ ಕೆಲಸ ನಿಧಾನದ್ದು. ಹಳೆಯ ಫೋನುಗಳು ಇರುವವರೆಗೆ ಹಳೆಯ ಸರ್ವರನ್ನು ಮುಟ್ಟುವಂತಿಲ್ಲ. ಆ ಫೋನುಗಳಿಗೂ ಹೊಸ ಬೀಗ ಗೊತ್ತಾಗುವಂತೆ ಇಸ್ಮತ್ ಹರಾಜಿನ ಆ್ಯಪನ್ನೇ ತಿದ್ದಿಸಿದಳು. ಆಮೇಲೆ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು, ಬಂದ ಬಂದ ರೀಲರ್‌ಗಳ ಮಾರ್ಕೆಟ್ ಫೋನನ್ನೆಲ್ಲ ಹಿಡಿದು ಹಿಡಿದು ಹೊಸ ಆ್ಯಪ್ ಹಾಕಿದಳು. ಎಂಥೆಂಥ ಫೋನುಗಳು! ಒಂದಕ್ಕೆ ತೆರೆಯೇ ಅರ್ಧ ಇಲ್ಲ. ಒಂದರ ಬೆನ್ನಿಗೆ ಗೋಂದಿನ ಪಟ್ಟಿ. ಇದ್ರೀಸ್ ಎಂಬ ಮುದುಕನಂತೂ, ತನ್ನ ಫೋನು ಮುಟ್ಟಿದರೆ ಬರ್ಕತ್ ಹೋಗಿ ವ್ಯಾಪಾರ ಏಳಿಗೆಯಾಗುವುದಿಲ್ಲವೆಂದು ಬೇರೆ ಗೇಟಿನಿಂದ ಓಡಾಡತೊಡಗಿದ. ಅವನನ್ನು ಫಕ್ರುದ್ದೀನ್ ತೋಳು ಹಿಡಿದು ಮೇಜಿನ ಮುಂದೆ ತಂದು ನಿಲ್ಲಿಸಿದ. ಕೊನೆಯ ಫೋನೂ ಹೊಸ ಸರ್ವರಿಗೆ ಸೇರಿದ್ದನ್ನು ತೆರೆಯ ಮೇಲೆ ನೋಡಿದಾಗ ಇಸ್ಮತ್ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು. ಈಗ ಹಳೆಯದರ ಮೇಲೆ ಯಾರೂ ಇರಲಿಲ್ಲ. ಅದನ್ನು ಬಿಡಿಸಿ, ಹೊಸದು ಹಾಕಿ, ಮತ್ತೆ ಜೋಡಿಗೆ ಸೇರಿಸುವುದೊಂದು ಬಾಕಿ.

ಮುಂದಿನ ಮಂಡಳಿ ಸಭೆಯಲ್ಲಿ ಚೆಲುವಯ್ಯ ಪೀಠಿಕೆ ಹಾಕುತ್ತಿರುವಾಗಲೇ ವೆಂಕಟಲಕ್ಷ್ಮಮ್ಮ ಕೈ ಎತ್ತಿದಳು. ಅವಳ ಗೂಡು ಅವತ್ತೇ ಬೆಳಿಗ್ಗೆ ಹರಾಜಾಗಿತ್ತು, ಒಳ್ಳೆಯ ಬೆಲೆ ಬಂದಿತ್ತು.

"ಆ ಇನ್ನೊಂದ್ ಮಷೀನು ಯಾವತ್ತು ಮಾಡೀಯೆ, ನಂಗೊಬ್ಬಳ್ಗೆ ಹೇಳ್ಬುಡವ್ವ. ಯಾರ್ಗೂ ಬಾಯ್ ಬುಡಾಕಿಲ್ಲ. ಅವತ್ತೊಂದಿನ ಗೂಡು ತರಾಕಿಲ್ಲ, ಅಷ್ಟೇಯ."

ಇಸ್ಮತ್ ಎದ್ದಳು. "ಆಯ್ತು ಅವ್ವ ಅದು."

"ಆಯ್ತಾ? ಯಾವಾಗ?"

"ಹಾಕಿದ್ದು ಮೊನ್ನೆ. ಕೆಲ್ಸಕ್ ಹಚ್ಚಿದ್ದು ಇವತ್ತು. ನಿಮ್ ಗೂಡು ಹರಾಜಾಗ್ತಿತ್ತಲ್ಲ, ಆವಾಗ್ಲೇ."

ಚೆಲುವಯ್ಯನ ಮುಖದ ಬಣ್ಣ ಇಳಿಯಿತು. ತಾನೂ ಆಗ ಹಜಾರದಲ್ಲೇ ನಿಂತು ಟೀ ಕುಡಿಯುತ್ತಿದ್ದುದು ಅವನಿಗೆ ನೆನಪಾಗಿರಬೇಕು. ವೆಂಕಟಲಕ್ಷ್ಮಮ್ಮನ ಕಣ್ಣು ಕೆಂಪಗಾಯಿತು.

"ನನ್ ಗೂಡು ಇಟ್ಕಂಡು ಮಾಡಿದ್ಯಾ?"

"ಹೂಂ ಅವ್ವ."

"ಯಾರ್ ಧೈರ್ಯದ್ ಮೇಲೆ ಮಾಡ್ದೆ?"

"ನನ್ ಕೆಲ್ಸದ್ ಧೈರ್ಯದ್ ಮೇಲೆ," ಎಂದಳು ಇಸ್ಮತ್. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ಬಗ್ಗೆ ತುಂಬು ಹೆಮ್ಮೆ ಎನಿಸಿತು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

ವೆಂಕಟಲಕ್ಷ್ಮಮ್ಮ ಆಮೇಲೆ ಎಲೆಅಡಿಕೆ ಚೀಲ ಬಿಚ್ಚಿ, ಒಂದು ಎಲೆ ಒರೆಸಿ, ಸುಣ್ಣ ಹಚ್ಚುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಮುಂದಿನ್ ಸಲ ಬದಲಾಯ್ಸೋವಾಗ ಮೊದ್ಲೇ ನನ್ಗೆ ಹೇಳ್ಕಳ್ಸು. ಅವತ್ತು ನನ್ ಗೂಡೇ ತತ್ತೀನಿ."